ಮೊಳೆ ಕೇಸಿನಲ್ಲಿ ಸಿಕ್ಕ ಡಾಂಗಲ್

ಬೆಟಗೇರಿಯ ಒಂದು ಮುದ್ರಣದ ಪ್ರೆಸ್ಸಿನ ಅಟ್ಟದಿಂದ ತೊಂಬತ್ತರ ದಶಕದ 486 ಕಂಪ್ಯೂಟರನ್ನು ಇಳಿಸಿದ್ದೇ ತಡ, ಕಾಕಾ ವೈರು ಹಿಡಿದು ಪ್ಲಗ್ಗಿನ ಕಡೆ ಹೊರಟಿದ್ದರು.

"ಚಾಲೂ ಮಾಡಬ್ಯಾಡ್ರಿ ಕಾಕಾ."

"ಯಾಕೋ ತಮ್ಮಾ? ಬಂದ್ ಮಾಡೂ ಮುಂದ ಛಲೋನ ಇತ್ತಲ್ಲ!"

ಛಲೋ ಇದ್ದದ್ದು ಖರೆ. ಆದರೆ ಅದು ಇಪ್ಪತ್ತು ವರ್ಷದ ಹಿಂದಿನ ಮಾತು. ಹುಬ್ಬಳ್ಳಿಯಲ್ಲಿ ರಿಪೇರಿ ಅಂಗಡಿ ಇಟ್ಟ ಹೊಸತರಲ್ಲಿ ಇಂಥದೇ ಒಂದನ್ನು ನಾನು ಹಿಂದೆ ಮುಂದೆ ನೋಡದೆ ಚಾಲೂ ಮಾಡಿದ್ದೆ. ಹಾರ್ಡ್ ಡಿಸ್ಕ್ ಕಾಲು ಗಂಟೆ ತಿರುಗಿ, ಟಕ್ ಟಕ್ ಎಂದು ಬಡಕೊಂಡು ನಿಂತೇಹೋಯಿತು. ಅದರಲ್ಲಿ ಮಾಸ್ತರರೊಬ್ಬರು ಬರೆದಿಟ್ಟ ತಮ್ಮೂರಿನ ಇತಿಹಾಸವಿತ್ತು. ಅವರಿಗೆ ಸುದ್ದಿ ಹೇಳಿದ ಆ ಸಂಜೆಯನ್ನು ನಾನು ಮರೆತಿಲ್ಲ. ಅಂದಿನಿಂದ ನನ್ನಲ್ಲಿ ಮೊದಲು ನಕಲು, ಆಮೇಲೆ ರಿಪೇರಿ.

ಕಾಕಾರ ಯಂತ್ರದಲ್ಲಿದ್ದದ್ದು ತತ್ವಪದಗಳು. ಅವರ ತಂದೆ ಸುತ್ತಲಿನ ಹಳ್ಳಿಗಳ ಭಜನೆಗಳಲ್ಲಿ ಕೂತು ಬರೆದುಕೊಂಡವು. ಕಂಪೋಸ್ ಆಗಿ, ಪ್ರೂಫ್ ತಿದ್ದಿಯೂ ಆಗಿತ್ತು, ಅಚ್ಚಾಗಲಿಲ್ಲ. ಕೈಬರಹದ ವಹಿಗಳನ್ನು ಗೆದ್ದಲು ತಿಂದಿತ್ತು.

ಡಿಸ್ಕನ್ನು ಬಿಚ್ಚಿ ತಂದು, ಮದರ್‌ಬೋರ್ಡಿನಲ್ಲೇ ಐಡಿಇ ಪೋರ್ಟ್ (ಹಳೇ ಡಿಸ್ಕು ಸಿಕ್ಕಿಸುವ ಕಿಂಡಿ) ಇರುವ ಹಳೇ ಪೆಂಟಿಯಂಗೆ ಸಿಕ್ಕಿಸಿದೆ. ಈಗ ಸಿಗುವ ಯುಎಸ್‌ಬಿ ಅಡಾಪ್ಟರುಗಳಲ್ಲಿ ಎಷ್ಟೋ ಇಷ್ಟು ಹಳೆಯ ಡಿಸ್ಕುಗಳನ್ನು ಗುರುತಿಸುವುದೇ ಇಲ್ಲ. ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ನಕಲು ಮಾಡುವ ಸಾಫ್ಟ್‌ವೇರ್ ಹಚ್ಚಿದೆ. ಅದು ಸಲೀಸಾಗಿ ಬರುವ ಭಾಗವನ್ನು ಮೊದಲು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಕೊನೆಗೆ ಮರಳುತ್ತದೆ. ಸಾಯುತ್ತಿರುವ ಡಿಸ್ಕಿಗೆ ಇದಕ್ಕಿಂತ ಒಳ್ಳೆಯ ಉಪಚಾರ ನನಗೆ ಗೊತ್ತಿಲ್ಲ. ಕೆಲವು ಸೆಕ್ಟರ್, ಅಂದರೆ ಡಿಸ್ಕಿನ ಸಣ್ಣ ತುಂಡುಗಳನ್ನು, ಬಿಟ್ಟು ಉಳಿದದ್ದೆಲ್ಲ ಬಂತು.

ಆಮೇಲೆ ಬೋರ್ಡು. ಕೀಬೋರ್ಡ್ ಸಾಕೆಟ್ಟಿನ ಪಕ್ಕದಲ್ಲಿ ನೀಲಿ ಬಣ್ಣದ ಪುಟ್ಟ ಬ್ಯಾಟರಿ ಇತ್ತು, 3.6 ವೋಲ್ಟಿನ ನಿಕಲ್-ಕ್ಯಾಡ್ಮಿಯಂ. ಸೋರಿ, ಸುತ್ತಲೂ ಹಸಿರು ಪಾಚಿ ಹಿಡಿದಂತಾಗಿತ್ತು. ಸೋರುವುದು ಕ್ಷಾರ, ಅದಕ್ಕೇ ವಿನೆಗರ್ ಬೇಕು. ಬ್ಯಾಟರಿ ಕತ್ತರಿಸಿ ತೆಗೆದು, ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ವಿನೆಗರ್ ಹಚ್ಚಿದಾಗ ನೊರೆ ಬಂತು. ನೊರೆ ನಿಲ್ಲುವ ತನಕ ತಿಕ್ಕಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು ಒಣಗಿಸಿದೆ. ಮಲ್ಟಿಮೀಟರ್ ಹಿಡಿದು ಬೋರ್ಡಿನ ಒಂದೊಂದೇ ತಾಮ್ರದ ಗೆರೆ ನೋಡುತ್ತ ಹೋದರೆ, ಕೀಬೋರ್ಡಿಗೆ ಹೋಗುವ ಎರಡು ಗೆರೆ ತಿಂದುಹೋಗಿದ್ದವು. ಮೋಟರ್ ವೈಂಡಿಂಗಿನ ಸಣ್ಣ ತಾಮ್ರದ ತಂತಿಯಿಂದ ಅವನ್ನು ಜೋಡಿಸಿದೆ. ಆ ಕಾಲದ ಯಂತ್ರ ಬಿಚ್ಚುವವರಿಗೆ ಒಂದು ಮಾತು: ಪವರ್ ಸಪ್ಲೈಯಿಂದ ಬೋರ್ಡಿಗೆ ಬರುವ ಎರಡು ಕನೆಕ್ಟರುಗಳ ಕರಿ ತಂತಿಗಳು ನಡುವೆ ಒಂದಕ್ಕೊಂದು ತಾಗಿ ಇರಬೇಕು. ಅದಲು ಬದಲಾದರೆ ಬೋರ್ಡು ಸುಟ್ಟುಹೋಗುತ್ತದೆ.

ಬ್ಯಾಟರಿ ಸತ್ತ ಮೇಲೆ, ಕಂಪ್ಯೂಟರನ್ನು ಎಬ್ಬಿಸುವ ಬಯಾಸ್ ಡಿಸ್ಕಿನ ಅಳತೆಯನ್ನೇ ಮರೆತಿತ್ತು. ಡಿಸ್ಕಿನ ಲೇಬಲ್ಲಿನಲ್ಲಿದ್ದ ಸಿಲಿಂಡರ್, ಹೆಡ್, ಸೆಕ್ಟರ್ ಲೆಕ್ಕ ಟೈಪ್ ಮಾಡಿದೆ. ವಿಂಡೋಸ್ 3.1 ಎದ್ದಿತು. ಆದರೆ ಕನ್ನಡದ ಸಾಫ್ಟ್‌ವೇರ್ ತೆರೆಯಲಿಲ್ಲ, ಡಾಂಗಲ್ ಕೇಳಿತು. ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವ ಬೆರಳುದ್ದದ ಆ ಬೀಗವಿಲ್ಲದೆ ಇಡೀ ದುಡಿಮೆ ವ್ಯರ್ಥ. ಕಾಕಾ ಎರಡು ದಿನ ಪ್ರೆಸ್ಸೆಲ್ಲ ಜಾಲಾಡಿದರು. ಕಡೆಗೆ ಸಿಕ್ಕಿದ್ದು ಸೀಸದ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕಾಲದ ಕೇಸಿನಲ್ಲಿ, ಅಂದರೆ ಮೊಳೆ ಇಡುವ ಖಾನೆಗಳ ತಟ್ಟೆಯಲ್ಲಿ, ಒಂದು ಖಾನೆಯೊಳಗೆ, ಮೊಳೆಗಳ ಜೊತೆಗೆ. ಬೆಲೆಯುಳ್ಳದ್ದೆಂದು ಅವರ ತಂದೆಯೇ ಅಲ್ಲಿಟ್ಟಿದ್ದರಂತೆ.

ಹಳೇ ಯಂತ್ರ ಉಳಿಸುವವರು ಫಾಂಟು, ಡಾಂಗಲ್, ಇನ್‌ಸ್ಟಾಲ್ ಫ್ಲಾಪಿ ಮೂರನ್ನೂ ಜೋಪಾನ ಮಾಡಲೇಬೇಕು ಎನ್ನುವುದು ಇದಕ್ಕೇ. ಆ ಕಡತಗಳನ್ನು ಇಂದಿನ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಭಾರತೀಯ ಭಾಷೆಗಳಿಗೆಂದು ಮಾಡಿದ 1991ರ ಇಸ್ಕಿ ಸಂಕೇತದಲ್ಲಿದ್ದರೆ, ಇಂದು ಎಲ್ಲ ಕಂಪ್ಯೂಟರುಗಳೂ ಓದುವ ಯೂನಿಕೋಡಿಗೆ ತರುವುದು ಸುಲಭ, ಯಾಕೆಂದರೆ ಎರಡರಲ್ಲೂ ಅಕ್ಷರಗಳ ಕ್ರಮ ಒಂದೇ ಬಗೆಯದು. ಇಲ್ಲಿ ಹಾಗಿರಲಿಲ್ಲ. ಅಕ್ಷರದ ಬದಲು ಅಕ್ಷರದ ಚೂರುಗಳಿದ್ದವು. ತಲೆಕಟ್ಟು ಬೇರೆ, ದೀರ್ಘ ಬೇರೆ. 'ಮ' ಎಂದರೆ 'ವ'ಕ್ಕೆ ಹಚ್ಚಿದ ಕೊಂಬು. 'ಧರ್ಮ'ದಲ್ಲಿ ಧ, ಮ ಬಂದ ಮೇಲೆ ಕಡೆಗೆ ಅರ್ಕಾವೊತ್ತು. ಯೂನಿಕೋಡಿನಲ್ಲಿ ರ ಮೊದಲು ಬರಬೇಕು. ಯಾವ ಚೂರಿಗೆ ಯಾವ ಅಕ್ಷರ ಎಂಬ ಪಟ್ಟಿ ಮಾಡುವುದಕ್ಕೇ ಮೂರು ತಿಂಗಳ ರಾತ್ರಿಗಳು ಹೋದವು. ತಾಳೆ ನೋಡಲು ಪೋಸ್ಟ್‌ಸ್ಕ್ರಿಪ್ಟ್ (ಪುಟವನ್ನು ಪ್ರಿಂಟರಿಗೆ ವಿವರಿಸುವ ಭಾಷೆ) ಪ್ರಿಂಟರ್ ಡ್ರೈವರ್ ಹಾಕಿ, ಪುಟಗಳನ್ನು ಕಾಗದದ ಬದಲು ಕಡತಕ್ಕೆ ಪ್ರಿಂಟ್ ಮಾಡಿ, ಗೋಸ್ಟ್‌ಸ್ಕ್ರಿಪ್ಟ್ ಎಂಬ ಸಾಫ್ಟ್‌ವೇರಿನಿಂದ ಪಿಡಿಎಫ್ ಮಾಡಿಕೊಂಡೆ. ಪುಟ ಹೇಗೆ ಅಚ್ಚಾಗಬೇಕಿತ್ತೋ ಹಾಗೇ ಬಂತು.

ಡಿಸ್ಕಿನಲ್ಲಿ ಬಾರದ ಭಾಗ ಸಿಕ್ಕೀತೆಂದು ತೆಗೆದ ಹಳೇ ಫ್ಲಾಪಿಗಳಿಗೆ ಬೂಸ್ಟು ಹಿಡಿದಿತ್ತು. ಪ್ರತಿ ಫ್ಲಾಪಿ ಓದಿಸಿದ ಮೇಲೂ ಡ್ರೈವಿನ ಹೆಡ್ ಒರೆಸಿದೆ.

ಒಂದು ತತ್ವಪದದ ಕಡೆಯ ಎರಡು ನುಡಿ ಕೆಟ್ಟ ಸೆಕ್ಟರಿನಲ್ಲೇ ಉಳಿದವು, ಫ್ಲಾಪಿಯಲ್ಲೂ ಸಿಗಲಿಲ್ಲ. ಮುಳಗುಂದದಲ್ಲಿ ಭಜನೆ ಮಾಡುವ ಹಿರಿಯರೊಬ್ಬರಿಗೆ ಆ ಪದ ಬರುತ್ತದೆ ಎನ್ನುತ್ತಾರೆ ಕಾಕಾ. ಈ ಅಮಾವಾಸ್ಯೆಗೆ ಇಬ್ಬರೂ ಹೊರಟಿದ್ದೇವೆ.