ಆರ್ಡರ್ ಸಿಕ್ಕಿದ ಮೇಲಿನ ಆರು ಗಂಟೆ: ಸಣ್ಣ ತುಕಡಿಯ ಪ್ಲಾನ್ ನಾನು ಮಾಡುತ್ತಿದ್ದ ಬಗೆ

ಮೇಲಿನಿಂದ ಆರ್ಡರ್ ಬಂದ ಕೂಡಲೇ ಹೊಸ ಪ್ಲಟೂನ್ ಕಮಾಂಡರ್‌ಗಳು, ಅಂದರೆ ಮೂವತ್ತರಷ್ಟು ಜನರ ತುಕಡಿ ನಡೆಸುವವರು, ನಕ್ಷೆ ಬಿಚ್ಚುತ್ತಾರೆ. ನಾನು ಮೊದಲು ವಾಚ್ ನೋಡುತ್ತಿದ್ದೆ. ಗುಂಡು, ನೀರು, ಬ್ಯಾಟರಿ ಕಡಿಮೆಯಾದರೆ ಮತ್ತೆ ಕೇಳಿ ತರಿಸಬಹುದು. ಹೊತ್ತನ್ನು ಯಾರೂ ಕಳಿಸಿಕೊಡುವುದಿಲ್ಲ.

ಒಂದು ರಾತ್ರಿಯ ಕೆಲಸವನ್ನೇ ಇಟ್ಟುಕೊಂಡು ಹೇಳುತ್ತೇನೆ. ಮಧ್ಯಾಹ್ನ 2ಕ್ಕೆ ಆರ್ಡರ್ ಸಿಕ್ಕಿತು, ರಾತ್ರಿ 8ಕ್ಕೆ ಹೊರಡಬೇಕು. ಕೈಯಲ್ಲಿ 6 ಗಂಟೆ. ಇದರಲ್ಲಿ ಮೂರನೇ ಒಂದು ಪಾಲು ಮಾತ್ರ ಕಮಾಂಡರ್‌ನದು, ಉಳಿದದ್ದು ಕೆಳಗಿನವರದು. ಎಷ್ಟೋ ಸೇನೆಗಳಲ್ಲಿ ಕಲಿಸುವ ಹಳೆಯ ಲೆಕ್ಕ ಇದು. ಅಂದರೆ 4 ಗಂಟೆಗೆ ನನ್ನ ಪ್ಲಾನ್ ಹುಡುಗರ ಮುಂದೆ ಇರಬೇಕು. ಇನ್ನೂ ಅರ್ಧ ಗಂಟೆ ಕೂತಿದ್ದರೆ ಪ್ಲಾನ್ ಇನ್ನಷ್ಟು ಚೆನ್ನಾಗಿರುತ್ತಿತ್ತು, ನಿಜ. ಆದರೆ ಆ ಅರ್ಧ ಗಂಟೆ ಸೆಕ್ಷನ್ ಕಮಾಂಡರ್‌ಗಳಿಂದ, ಅಂದರೆ ಪ್ಲಟೂನ್‌ನೊಳಗಿನ ಸಣ್ಣ ಗುಂಪುಗಳ ನಾಯಕರಿಂದ, ಕಿತ್ತುಕೊಂಡದ್ದಾಗುತ್ತದೆ. ಅವರು ತಮ್ಮ ಜನರಿಗೆ ಬಿಡಿಸಿ ಹೇಳಬೇಕು, ಮ್ಯಾಗಜೀನ್ ತುಂಬಿಸಬೇಕು, ರೇಡಿಯೋ ನೋಡಬೇಕು, ಬೆಳಕು ಇರುವಾಗಲೇ ರಿಹರ್ಸಲ್ ಮುಗಿಸಬೇಕು.

ಹಾಗಾಗಿ ಲೆಕ್ಕ ಹಿಂದಿನಿಂದ ಹಾಕುತ್ತಿದ್ದೆ. 8ಕ್ಕೆ ಹೊರಡುವುದು, 7:15ಕ್ಕೆ ಕೊನೆಯ ತಪಾಸಣೆ, ಅದಕ್ಕೆ ಮೊದಲು ಊಟ, 5ಕ್ಕೆ ರಿಹರ್ಸಲ್, 4ಕ್ಕೆ ಆರ್ಡರ್ಸ್, ಅಂದರೆ ಹುಡುಗರಿಗೆ ಪೂರ್ತಿ ಪ್ಲಾನ್ ಹೇಳುವುದು. ಇಷ್ಟು ಬರೆದ ತಕ್ಷಣ ವಾರ್ನಿಂಗ್ ಆರ್ಡರ್, ಅಂದರೆ ತಯಾರಾಗಲು ಮುನ್ಸೂಚನೆ, ಕೊಟ್ಟುಬಿಡುತ್ತಿದ್ದೆ. ಏನು ಕೆಲಸ, ಎಷ್ಟು ಹೊತ್ತಿಗೆ, ಎಷ್ಟು ದಿನದ ಸಾಮಾನು, ಯಾರು ಮಲಗಬಹುದು. ನನಗೆ ಗೊತ್ತಿರುವುದು ಅರ್ಧವೇ ಆದರೂ ಸರಿ, ಆ ಅರ್ಧ ಅವರಿಗೂ ಗೊತ್ತಿರಲಿ. ಎಲ್ಲ ಗೊತ್ತಾದ ಮೇಲೆ ಹೇಳುತ್ತೇನೆ ಅಂತ ಕೂತವನು ಹುಡುಗರ ನಿದ್ದೆ ಹಾಳು ಮಾಡುತ್ತಾನೆ.

ಆಮೇಲೆ ನಕ್ಷೆ. 20 ಮೀಟರ್ ಎತ್ತರಕ್ಕೆ ಒಂದು ಕಾಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ) ಇರುವ ನಕ್ಷೆಯಲ್ಲಿ 15 ಮೀಟರ್ ಆಳದ ಹಳ್ಳ ಕಾಣದೇ ಹೋಗಬಹುದು. ಇಡೀ ಪ್ಲಟೂನ್ ಅಡಗಿ ಕೂರುವಷ್ಟು ಜಾಗ ಅದು. ಅದಕ್ಕೇ ಸಾಧ್ಯವಿದ್ದರೆ ದೂರದಿಂದಾದರೂ ಕಣ್ಣಾರೆ ನೋಡಿ ಬರುತ್ತಿದ್ದೆ. ನಡೆಯುವ ವೇಗದ ಬಗ್ಗೆಯೂ ಸುಮ್ನೆ ಅಂದಾಜು ಕಟ್ಟಬಾರದು. ಸ್ಕಾಟ್ಲೆಂಡಿನ ಪರ್ವತಾರೋಹಿ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಈಗಲೂ ಬಳಕೆಯಲ್ಲಿದೆ: ಸುಮಾರು 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ಹಗಲಲ್ಲಿ, ಹಗುರವಾಗಿ ನಡೆಯುವವನಿಗೆ. ಕತ್ತಲಲ್ಲಿ, ಭಾರ ಹೊತ್ತು, ಸದ್ದಿಲ್ಲದೆ, ಪೊದೆಗಳ ನಡುವೆ ಹೋಗುವಾಗ ನಾನು ಗಂಟೆಗೆ 1 ಕಿ.ಮೀ. ಅಂತಲೇ ಹಿಡಿಯುತ್ತಿದ್ದೆ. ಬೇಗ ತಲುಪಿದರೆ ಒಳ್ಳೆಯದೇ, ಕೂತು ಕಿವಿಗೊಡಬಹುದು.

ಆರ್ಡರ್ಸ್ ಕೊಡುವ ಕ್ರಮ ಎಲ್ಲರಿಗೂ ಗೊತ್ತಿರುವ ಐದು ಭಾಗಗಳದ್ದೇ. ಪರಿಸ್ಥಿತಿ, ಮಿಷನ್, ಹೇಗೆ ಮಾಡುವುದು, ಸಾಮಾನು-ಸರಂಜಾಮು, ಕಮಾಂಡ್ ಮತ್ತು ಸಿಗ್ನಲ್. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಿಷನ್ ಒಂದೇ ವಾಕ್ಯ, ಅದನ್ನು ಎರಡು ಸಲ ಓದುವುದು, ಅಷ್ಟೇ. ಆ ವಾಕ್ಯದ ಕೊನೆಯಲ್ಲಿ ಬರುವ 'ಯಾಕೆ' ಇದೆಯಲ್ಲ, ಅದರ ಮೇಲೆ ನಾನು ಹೆಚ್ಚು ಹೊತ್ತು ಕೂರುತ್ತಿದ್ದೆ. ಆ ರಾತ್ರಿ ನಮಗೆ ಕೊಟ್ಟದ್ದು ಒಂದು ಕಾಲುಸೇತುವೆಯನ್ನು ಬೆಳಗಿನ ಜಾವದವರೆಗೆ ತಡೆಯುವ ಕೆಲಸ. ಹೊಳೆಯ ಆಚೆ ನಮ್ಮ ಕಂಪನಿ, ಅಂದರೆ ಹಲವು ಪ್ಲಟೂನ್‌ಗಳ ದೊಡ್ಡ ತುಕಡಿ, ಹುಡುಕಾಟದಲ್ಲಿತ್ತು. ಸೇತುವೆ ಅಂತಷ್ಟೇ ಹೇಳಿದ್ದರೆ ಹುಡುಗರು ಸೇತುವೆ ಮಾತ್ರ ಕಾಯುತ್ತಿದ್ದರು. ನಾನು ಹೇಳಿದ್ದು: "ಆಚೆ ಕಂಪನಿ ಹುಡುಕುತ್ತಿರುವಾಗ ಶಸ್ತ್ರ ಹಿಡಿದ ಯಾರೂ ಹೊಳೆ ದಾಟಿ ಈಚೆ ಬರಬಾರದು, ಅದಕ್ಕಾಗಿ ಈ ಸೇತುವೆ."

ಅಲ್ಲಿಗೆ ಹೋದ ಮೇಲೆ ನೋಡಿದರೆ ಹೊಳೆಯಲ್ಲಿ ನೀರು ಇಳಿದಿತ್ತು. ಸ್ವಲ್ಪ ಕೆಳಗೆ ನಡೆದೇ ದಾಟಬಹುದಾದ ಜಾಗ ಇತ್ತು. ಎಡಗಡೆಯ ಸೆಕ್ಷನ್‌ನ ಹವಾಲ್ದಾರ್ ಅದನ್ನು ಕಂಡರು. ತಗ್ಗಿನಲ್ಲಿದ್ದದ್ದರಿಂದ ಅವರಿಗೆ ರೇಡಿಯೋ ಸಿಗುತ್ತಿರಲಿಲ್ಲ. ನನ್ನನ್ನು ಕೇಳಲು ಕಾಯದೆ ಲೈಟ್ ಮೆಷಿನ್ ಗನ್ ಜೋಡಿಯನ್ನು ಅಲ್ಲಿಗೆ ಸರಿಸಿ, ಆಮೇಲೆ ಓಟಗಾರನನ್ನು ಕಳಿಸಿ ಸುದ್ದಿ ಮುಟ್ಟಿಸಿದರು. ಪ್ರಷ್ಯಾದ ಸೇನಾ ಮುಖ್ಯಸ್ಥ ಮೋಲ್ಟ್ಕೆ 19ನೇ ಶತಮಾನದಲ್ಲೇ ಹೇಳಿದ್ದ ಮಾತೊಂದಿದೆ: ಶತ್ರುವಿನ ಮುಖ್ಯ ಪಡೆ ಎದುರಾದ ಮೇಲೂ ಖಚಿತವಾಗಿ ನಿಲ್ಲುವ ಪ್ಲಾನ್ ಇಲ್ಲ. ಇದನ್ನು ಎಲ್ಲರೂ ಹೇಳುತ್ತಾರೆ, ಕೆಲವರು ಪ್ಲಾನ್ ಮಾಡದಿರಲು ನೆಪವಾಗಿಯೂ ಹೇಳುತ್ತಾರೆ. ಕೆಳಗಿನವರಿಗೆ ಉದ್ದೇಶ ಹೇಳಿ, ದಾರಿ ಅವರಿಗೇ ಬಿಡಿ ಅನ್ನುವ ಪದ್ಧತಿಯನ್ನು ಬೆಳೆಸಿದವರಲ್ಲೂ ಅವನೇ ಮುಖ್ಯ. ಆ ಕಡೆ ಯಾರೂ ನೋಡುವುದಿಲ್ಲ.

"ಅರ್ಥ ಆಯ್ತಾ?" ಅಂತ ಕೇಳುವುದನ್ನು ನಾನು ಬಿಟ್ಟುಬಿಟ್ಟಿದ್ದೆ. ಉತ್ತರ ಯಾವಾಗಲೂ "ಆಯ್ತು ಸರ್" ಅಂತಲೇ. ಹೋಗುವ ಜಾಗದ್ದೇ ಮಣ್ಣಿನಲ್ಲಿ ಮಾಡಿದ ಮಾಡೆಲ್ ಪಕ್ಕ ಎಲ್ಲರಿಗಿಂತ ಕಿರಿಯ ಹುಡುಗನನ್ನು ನಿಲ್ಲಿಸಿ, "ನನಗೆ ಗುಂಡು ಬಿತ್ತು, ನಿಮ್ಮ ಸೆಕ್ಷನ್ ಕಮಾಂಡರ್‌ಗೂ ಬಿತ್ತು. ಈಗ ಯಾರು ಕಮಾಂಡ್? ಮುಂದೇನು?" ಅಂತ ಕೇಳುತ್ತಿದ್ದೆ. ಅವನು ತಡವರಿಸಿದರೆ ನನ್ನ ಆರ್ಡರ್ಸ್‌ನಲ್ಲೇ ಎಲ್ಲೋ ಗಂಟಿದೆ ಅಂತ ಗೊತ್ತಾಗುತ್ತಿತ್ತು. ದಾರಿಯಲ್ಲಿ ನಾನು ಮುಂದೆ ಹೋಗಿ ನೋಡಿ ಬರುವಾಗಲೂ ಉಳಿದವರಿಗೆ ಐದು ವಿಷಯ ಹೇಳದೆ ಕದಲುತ್ತಿರಲಿಲ್ಲ. ಎಲ್ಲಿಗೆ ಹೋಗುತ್ತೇನೆ, ಜೊತೆಗೆ ಯಾರು, ಎಷ್ಟು ಹೊತ್ತಿಗೆ ವಾಪಸ್, ಬಾರದಿದ್ದರೆ ಏನು ಮಾಡಬೇಕು, ನನ್ನ ಮೇಲೋ ಅವರ ಮೇಲೋ ಗುಂಡು ಬಿದ್ದರೆ ಯಾರು ಏನು ಮಾಡಬೇಕು.

ಇನ್ನು ನೀತಿಯ ವಿಷಯ. ಅದಕ್ಕೊಂದು ಬೇರೆ ಪಾಠ, ಬೇರೆ ಉಪನ್ಯಾಸ ಇಡುವುದು ನನಗೆ ಒಗ್ಗಲಿಲ್ಲ. ಕೂತು ಕೇಳುವಾಗ ಎಲ್ಲರೂ ಒಳ್ಳೆಯವರೇ. ರಾತ್ರಿ 2ಕ್ಕೆ, ಜೊತೆಯವನ ರಕ್ತ ಕೈಗೆ ಅಂಟಿರುವಾಗ ಹೊಸದಾಗಿ ಯೋಚಿಸಲು ಯಾರಿಂದಲೂ ಆಗುವುದಿಲ್ಲ. ಅದಕ್ಕೇ ಅದು ಪ್ಲಾನ್‌ನ ಒಳಗೇ ಬರಬೇಕು. 'ಹೇಗೆ ಮಾಡುವುದು' ಎಂಬ ಭಾಗದಲ್ಲಿ ನಾನು ಕೆಲವು ಸಾಲು ಬರೆದೇ ಬರೆಯುತ್ತಿದ್ದೆ. ಯಾವಾಗ ಗುಂಡು ಹಾರಿಸಬಾರದು, ಸಾಮಾನ್ಯ ಜನ ಸೇತುವೆಗೆ ಬಂದರೆ ಎಲ್ಲಿ ಕೂರಿಸಬೇಕು, ಅವರ ಪಕ್ಕ ಯಾರಿರಬೇಕು, ಶರಣಾದವನ ಶಸ್ತ್ರ ಯಾರು ತೆಗೆಯಬೇಕು, ಗಾಯಗೊಂಡ ಶತ್ರುವಿಗೆ ಯಾರು ಬ್ಯಾಂಡೇಜ್ ಕಟ್ಟಬೇಕು. ರಿಹರ್ಸಲ್‌ನಲ್ಲಿ ಅದನ್ನೂ ಮಾಡಿಸುತ್ತಿದ್ದೆ. ಒಬ್ಬ ಹುಡುಗ ಓಡಿಬಂದವನ ಹಾಗೆ ನಟಿಸುವುದು, ಇನ್ನೊಬ್ಬ ಬೆರಳನ್ನು ಟ್ರಿಗರ್‌ನಿಂದ ಹೊರಗಿಟ್ಟು ಕೂಗಿ ನಿಲ್ಲಿಸುವುದು. ಮೊದಮೊದಲು ನಗುತ್ತಿದ್ದರು. ನಗಲಿ ಬಿಡಿ.

ಕಾನೂನು ಹೇಳುವುದೂ ಇದನ್ನೇ. 1949ರ ನಾಲ್ಕು ಜಿನೀವಾ ಒಪ್ಪಂದಗಳಲ್ಲೂ ಇರುವ 3ನೇ ವಿಧಿ ಪ್ರಕಾರ ಶಸ್ತ್ರ ಕೆಳಗಿಟ್ಟವರನ್ನೂ ಗಾಯದಿಂದ ಕಾದಾಡಲು ಆಗದವರನ್ನೂ ಮನುಷ್ಯರಂತೆ ನಡೆಸಿಕೊಳ್ಳಬೇಕು. ಮೇಲಿನವರು ಹೇಳಿದರು, ನಾನು ಮಾಡಿದೆ ಅನ್ನುವ ವಾದ ಎರಡನೇ ಮಹಾಯುದ್ಧದ ನಂತರ ನಾಜಿ ನಾಯಕರ ವಿಚಾರಣೆ ನಡೆದ ನ್ಯೂರೆಂಬರ್ಗ್‌ನಲ್ಲೇ ಬಿದ್ದುಹೋಯಿತು. ನನ್ನ ಸೆಕ್ಷನ್ ಕಮಾಂಡರ್‌ಗಳಿಗೆ ನಾನು ಮೈ ಲಾಯ್ ಬಗ್ಗೆ ಹೇಳುತ್ತಿದ್ದೆ. 1968ರ ಮಾರ್ಚ್ 16ರಂದು ವಿಯೆಟ್ನಾಂನ ಆ ಹಳ್ಳಿಯಲ್ಲಿ ಅಮೆರಿಕದ ಸೈನಿಕರು ನೂರಾರು ಜನರನ್ನು ಕೊಂದರು. ಹೆಲಿಕಾಪ್ಟರ್ ಪೈಲಟ್ ಹ್ಯೂ ಥಾಂಪ್ಸನ್ ತನ್ನ ಯಂತ್ರವನ್ನು ಸೈನಿಕರಿಗೂ ಹಳ್ಳಿಯವರಿಗೂ ನಡುವೆ ಇಳಿಸಿ ಕೆಲವರನ್ನು ಉಳಿಸಿದ. ಅವನಿಗೆ ಸೋಲ್ಜರ್ಸ್ ಮೆಡಲ್ ಸಿಕ್ಕಿದ್ದು 1998ರಲ್ಲಿ, 30 ವರ್ಷ ಕಳೆದ ಮೇಲೆ. ಕೊಲೆಗೆ ಶಿಕ್ಷೆಯಾದದ್ದು ಒಬ್ಬನಿಗೆ ಮಾತ್ರ, 1971ರಲ್ಲಿ. ಅವನು ಜನರಲ್ ಅಲ್ಲ, ಪ್ಲಟೂನ್ ನಡೆಸುತ್ತಿದ್ದ ಲೆಫ್ಟಿನೆಂಟ್. ಈ ಮಾತು ಹೇಳಿದಾಗ ಕೋಣೆಯಲ್ಲಿ ಎಲ್ಲರೂ ನೆಟ್ಟಗೆ ಕೂರುತ್ತಿದ್ದರು.

ಆ ಸೇತುವೆಯ ರಾತ್ರಿ ನನಗೂ ಒಂದು ಒತ್ತಡ ಬಂತು. ಹೊಳೆ ದಾಟಲು ಬಂದ ಶಸ್ತ್ರಧಾರಿಯೊಬ್ಬ ತೊಡೆಗೆ ಗುಂಡು ಬಿದ್ದು ನಮ್ಮ ಕೈಗೆ ಸಿಕ್ಕ. ಸುದ್ದಿ ಕೊಟ್ಟೆ. ರೇಡಿಯೋದಲ್ಲಿ ಮೇಲಿನ ಒಬ್ಬರು, "ಮೊದಲು ಬಾಯಿ ಬಿಡಿಸು, ಬ್ಯಾಂಡೇಜ್ ಆಮೇಲೆ" ಅಂದರು. ಇಂಥ ಹೊತ್ತಿನಲ್ಲಿ ವಾದಕ್ಕೆ ಇಳಿಯಬಾರದು, ಸಿಟ್ಟೂ ಮಾಡಬಾರದು. "ಸರ್, ಆದೇಶವನ್ನು ಇನ್ನೊಮ್ಮೆ ಹೇಳಿ, ಆಪರೇಟರ್ ಲಾಗ್‌ನಲ್ಲಿ ಸಮಯದ ಜೊತೆ ಬರೆದುಕೊಳ್ಳುತ್ತಿದ್ದಾನೆ" ಅಂದೆ. ಆ ಆದೇಶ ಮತ್ತೆ ಬರಲಿಲ್ಲ. ಅಷ್ಟರಲ್ಲಿ ನಮ್ಮ ಹುಡುಗ ತೊಡೆಗೆ ಟೂರ್ನಿಕೆ (ರಕ್ತ ನಿಲ್ಲಿಸುವ ಪಟ್ಟಿ) ಬಿಗಿದು ಹೊತ್ತನ್ನು ಅವನ ಹಣೆಯ ಮೇಲೆ ಬರೆದಾಗಿತ್ತು, ಯಾಕೆಂದರೆ ಅದು ಅವನ ಕೆಲಸ ಅಂತ ಸಂಜೆ 4ಕ್ಕೇ ಹೇಳಿಯಾಗಿತ್ತು. ಈ ಉಪಾಯವನ್ನು ಯಾರು ಬೇಕಾದರೂ ಬಳಸಬಹುದು. ಕಾನೂನುಬದ್ಧ ಆದೇಶ ಕೊಟ್ಟವರು ಅದನ್ನು ಎರಡನೇ ಸಲ ಹೇಳಲು ಹಿಂಜರಿಯುವುದಿಲ್ಲ.

ವಾಪಸ್ ಬಂದ ಮೇಲೆ ಕ್ರಮ ಸರಳ. ಶಸ್ತ್ರ ಖಾಲಿ ಮಾಡಿ ತೋರಿಸುವುದು, ಗುಂಡಿನ ಲೆಕ್ಕ, ಕಾಲುಗಳ ತಪಾಸಣೆ, ಬಿಸಿಯಾಗಿ ಏನಾದರೂ ಕುಡಿಯುವುದು, ನಿದ್ದೆಗೆ ಮೊದಲೇ ಡೀಬ್ರೀಫ್, ಅಂದರೆ ನಡೆದದ್ದನ್ನು ಕೂತು ಹೇಳಿಕೊಳ್ಳುವುದು. ಎದ್ದ ಮೇಲೆ ಮಾಡೋಣ ಅಂದರೆ ಎಲ್ಲರ ಕಥೆಯೂ ಒಂದೇ ಆಗಿಬಿಟ್ಟಿರುತ್ತದೆ, ಅಲ್ವಾ? ಮಾತು ಕಿರಿಯನಿಂದ ಶುರು, ನನ್ನ ಸರದಿ ಕೊನೆಗೆ. ಕಮಾಂಡರ್ ಮೊದಲು ಬಾಯಿ ತೆರೆದರೆ ಉಳಿದವರು ಅದಕ್ಕೇ ತಲೆಯಾಡಿಸುತ್ತಾರೆ. ಆ ಬೆಳಿಗ್ಗೆ ಹವಾಲ್ದಾರ್ ಹೊಳೆ ದಾಟುವ ಜಾಗವನ್ನು ಗುರುತು ಹಾಕಿ ತೋರಿಸಿದರು. ಮಧ್ಯಾಹ್ನದೊಳಗೆ ಅದು ಕಂಪನಿಯ ನಕ್ಷೆಗೂ ಸೇರಿತು. ತಗ್ಗಿನಲ್ಲಿ ರೇಡಿಯೋ ಸಿಗದ ವಿಷಯ ಮುಂದಿನ ಆರ್ಡರ್ಸ್‌ನ ಐದನೇ ಭಾಗದಲ್ಲಿ ಮೊದಲ ಸಾಲಾಯಿತು.