ಭಯವೆಂದರೆ 14, ಜಯವೆಂದರೆ 18: ಇಸವಿಗಳನ್ನು ನೆನಪಿಡುವ ಬಗೆ

ಫ್ರೆಂಚ್ ಕ್ರಾಂತಿಗೆ ಕಾರಣಗಳೇನೆಂದು ಎರಡು ಪುಟ ಬರೆಯಬಲ್ಲ ವಿದ್ಯಾರ್ಥಿಗಳೂ ‘ಈ ಕೆಳಗಿನ ಘಟನೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ’ ಎಂಬ ಪ್ರಶ್ನೆ ಕಂಡೊಡನೆ ತಡವರಿಸುತ್ತಾರೆ. ಇಸವಿಗಳನ್ನು ಬರಿಯ ಅಂಕಿಗಳಾಗಿ ಉರುಹೊಡೆಯುವುದೇ ಇದಕ್ಕೆ ಮುಖ್ಯ ಕಾರಣ. ಅಂಕಿಯೊಂದಿಗೆ ಒಂದು ಸ್ಥಳವೋ ಒಂದು ಪದವೋ ಸೇರಿಕೊಂಡರೆ ಅದು ಅಷ್ಟು ಸುಲಭವಾಗಿ ಮರೆತುಹೋಗುವುದಿಲ್ಲ. ಹಾಗೆ ಸೇರಿಸಲು ಬೇಕಾದ ಸಾಮಗ್ರಿ ಬೆಂಗಳೂರಿನವರಿಗೆ ತಮ್ಮ ಊರಿನಲ್ಲಿಯೂ ಕನ್ನಡದ ವರ್ಣಮಾಲೆಯಲ್ಲಿಯೂ ಸಿದ್ಧವಾಗಿಯೇ ಇದೆ.

ಮೊದಲು ಊರಿನ ಇಸವಿಗಳು

ಒಂದು ದೊಡ್ಡ ಹಾಳೆಯನ್ನು ತೆಗೆದುಕೊಂಡು, ಎಡಬದಿಯಲ್ಲಿ ನಿಮಗೆ ಈಗಾಗಲೇ ಗೊತ್ತಿರುವ ನಮ್ಮ ನಾಡಿನ ಇಸವಿಗಳನ್ನು ಮೇಲಿನಿಂದ ಕೆಳಕ್ಕೆ ಬರೆಯಿರಿ. ವಿಜಯನಗರದ ಸ್ಥಾಪನೆಯ 1336, ಕೃಷ್ಣದೇವರಾಯ ಪಟ್ಟಕ್ಕೆ ಬಂದ 1509, ಕೆಂಪೇಗೌಡರು ಬೆಂಗಳೂರನ್ನು ಕಟ್ಟಿದ 1537, ತಾಳಿಕೋಟೆಯ 1565, ಟಿಪ್ಪು ಮಡಿದ 1799, ರಾಜ್ಯ ಒಂದಾದ 1956 ಇಷ್ಟಿದ್ದರೂ ಆರಂಭಕ್ಕೆ ಸಾಕು. ಬಲಬದಿಯಲ್ಲಿ ಅದೇ ಇಸವಿಯ ಅಥವಾ ಅದರ ಆಚೀಚೆಯ ಹೊರಜಗತ್ತಿನ ಘಟನೆಯನ್ನು ಬರೆಯಬೇಕು. ಇಂಗ್ಲೆಂಡಿನ ಎಂಟನೆಯ ಹೆನ್ರಿ ಸಿಂಹಾಸನವೇರಿದ್ದು ಸಹ 1509ರಲ್ಲಿಯೇ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಅದೇ ವರ್ಷದ ನವೆಂಬರಿನಲ್ಲಿ ನೆಪೋಲಿಯನ್ ಪ್ಯಾರಿಸ್ಸಿನಲ್ಲಿ ಅಧಿಕಾರ ಹಿಡಿದನು. 1956ರ ನವೆಂಬರ್ 1ರಂದು ಇಲ್ಲಿ ಏಕೀಕರಣದ ಸಂಭ್ರಮ ನಡೆಯುತ್ತಿದ್ದಾಗ ಸೂಯೆಜ್ ಕಾಲುವೆಗಾಗಿ ಈಜಿಪ್ಟಿನ ಮೇಲೆ ಬಾಂಬುಗಳು ಬೀಳುತ್ತಿದ್ದವು. ಮೂರು ದಿನಗಳ ಬಳಿಕ ಸೋವಿಯತ್ ಟ್ಯಾಂಕುಗಳು ಹಂಗೆರಿಯ ಬುಡಾಪೆಸ್ಟನ್ನು ಹೊಕ್ಕವು.

ಎಲ್ಲಕ್ಕಿಂತ ಹೆಚ್ಚು ಫಲ ಕೊಡುವ ಇಸವಿ 1791. ಕೃಷ್ಣರಾಜ ಮಾರುಕಟ್ಟೆಯ ಸಮೀಪ ಉಳಿದಿರುವ ಬೆಂಗಳೂರು ಕೋಟೆಯ ಬಳಿ, ಒಡೆದ ಗೋಡೆಯ ಈ ಭಾಗದಿಂದಲೇ ಬ್ರಿಟಿಷರು ದಾಳಿ ನಡೆಸಿದರೆಂದು ತಿಳಿಸುವ ಫಲಕವಿದೆ. ಅದರಲ್ಲಿರುವ ದಿನಾಂಕ 1791ರ ಮಾರ್ಚ್ 21. ಆ ಸೇನೆಯನ್ನು ನಡೆಸಿಕೊಂಡು ಬಂದ ಲಾರ್ಡ್ ಕಾರ್ನ್‌ವಾಲಿಸನೇ ಹತ್ತು ವರ್ಷ ಹಿಂದೆ, 1781ರ ಅಕ್ಟೋಬರಿನಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ಜಾರ್ಜ್ ವಾಷಿಂಗ್‌ಟನ್ನನ ಸೇನೆಗೂ ಫ್ರೆಂಚರಿಗೂ ಶರಣಾಗಿದ್ದನು. ಈ ಒಬ್ಬ ಮನುಷ್ಯನನ್ನು ಹಿಡಿದುಕೊಂಡರೆ ಒಂದು ಸಾಲೇ ಕೈಗೆ ಬರುತ್ತದೆ: ಅಮೆರಿಕದ ಸ್ವಾತಂತ್ರ್ಯ ಘೋಷಣೆ 1776, ಯಾರ್ಕ್‌ಟೌನ್ 1781, ಆ ಯುದ್ಧವನ್ನು ಮುಗಿಸಿದ ಪ್ಯಾರಿಸ್ ಒಪ್ಪಂದ 1783. ಯುರೋಪಿನಲ್ಲಿ ಶಾಂತಿ ಏರ್ಪಟ್ಟ ಸುದ್ದಿ ತಲುಪಿದೊಡನೆ, ಮಂಗಳೂರಿನ ಮುತ್ತಿಗೆಯಲ್ಲಿ ಟಿಪ್ಪುವಿನ ಪರವಾಗಿ ಹೋರಾಡುತ್ತಿದ್ದ ಫ್ರೆಂಚರು ಹಿಂದೆ ಸರಿದರು. ಹೀಗಾಗಿ 1784ರ ಮಂಗಳೂರು ಒಪ್ಪಂದವೂ ಇದೇ ಸಾಲಿಗೆ ಸೇರುತ್ತದೆ. ಫ್ರೆಂಚ್ ಕ್ರಾಂತಿಯ 1789ಕ್ಕೆ ಯಾವ ಉಪಾಯವೂ ಬೇಡ, ಅದರಲ್ಲಿ ಏಳು, ಎಂಟು, ಒಂಬತ್ತು ಕ್ರಮವಾಗಿಯೇ ಇವೆ.

ಅನಂತರ ಕಟಪಯಾದಿ

ಹೀಗೆ ಕಟ್ಟಲು ಬಾರದ ಇಸವಿಗಳಿಗೆ ಅಕ್ಷರಗಳಿಗೆ ಅಂಕಿಗಳ ಬೆಲೆ ಕೊಟ್ಟು ಪದಗಳಲ್ಲಿ ಸಂಖ್ಯೆ ಹೇಳುವ ನಮ್ಮ ಪೂರ್ವಿಕರ ಕಟಪಯಾದಿ ಪದ್ಧತಿಯೇ ಸರಿ. ‘ಕಾದಿ ನವ, ಟಾದಿ ನವ, ಪಾದಿ ಪಂಚ, ಯಾದ್ಯಷ್ಟ’ ಎಂಬುದು ಇದರ ಸೂತ್ರ. ಕ ದಿಂದ ಝ ವರೆಗಿನ ಅಕ್ಷರಗಳಿಗೆ ಕ್ರಮವಾಗಿ 1ರಿಂದ 9. ಟ ದಿಂದ ಧ ವರೆಗೆ ಮತ್ತೆ 1ರಿಂದ 9. ಪ ದಿಂದ ಮ ವರೆಗೆ 1ರಿಂದ 5. ಯ, ರ, ಲ, ವ, ಶ, ಷ, ಸ, ಹ ಎಂಬ ಎಂಟಕ್ಕೆ 1ರಿಂದ 8. ಞ ಮತ್ತು ನ ಸೊನ್ನೆ. ಕಾಗುಣಿತಕ್ಕೂ ಅನುಸ್ವಾರಕ್ಕೂ ಬೆಲೆಯಿಲ್ಲ. ಒತ್ತಕ್ಷರದಲ್ಲಿ ಕೊನೆಯ ವ್ಯಂಜನವನ್ನು ಮಾತ್ರ ಎಣಿಸಬೇಕು. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ‘ಳ’ ಇರುವ ಪದಗಳ ಗೋಜಿಗೆ ಹೋಗದಿರುವುದು ಲೇಸು.

‘ಜಯ’ ಎಂಬ ಪದವನ್ನು ನೋಡಿ. ಜ ಎಂದರೆ 8, ಯ ಎಂದರೆ 1. ತಿರುಗಿಸಿ ಓದಿದರೆ 18. ಜಯವೆಂಬ ಹೆಸರುಳ್ಳ ಮಹಾಭಾರತಕ್ಕೆ ಹದಿನೆಂಟು ಪರ್ವಗಳಿರುವುದನ್ನು ಹಿರಿಯರು ಈ ಲೆಕ್ಕದಿಂದಲೇ ವಿವರಿಸುವುದುಂಟು. ‘ಭಯ’ ಎಂದರೆ 4 ಮತ್ತು 1, ಅಂದರೆ 14. ಮೊದಲ ಮಹಾಯುದ್ಧ ಭಯದಿಂದ ಆರಂಭವಾಗಿ ಜಯದಲ್ಲಿ ಮುಗಿಯಿತೆಂದು ಹೇಳಿಕೊಂಡರೆ 1914 ಮತ್ತು 1918 ಎರಡೂ ಬಾಯಿಗೆ ಬರುತ್ತವೆ. ಜಯಮಹಲಿನ ಪಕ್ಕದ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕವನ್ನು ಕಂಡವರಿಗೆ ಇದು ಇನ್ನೂ ಗಟ್ಟಿಯಾಗುತ್ತದೆ. ನಮ್ಮ ಅಶ್ವದಳ ಹೈಫಾ ನಗರವನ್ನು ಗೆಲ್ಲುವಲ್ಲಿ ಪಾಲ್ಗೊಂಡದ್ದು 1918ರ ಸೆಪ್ಟೆಂಬರ್ 23ರಂದು, ಕದನವಿರಾಮ ಬಂದದ್ದು ನವೆಂಬರ್ 11ರಂದು.

‘ಯುದ್ಧ’ ಎಂಬ ಪದ 91 ಆಗುತ್ತದೆ: ಬೆಂಗಳೂರು ಕೋಟೆಯ 1791ಕ್ಕೂ ಕೊಲ್ಲಿ ಯುದ್ಧದ 1991ಕ್ಕೂ ಅದೇ ಸಾಕು. ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾದ 1453ಕ್ಕೆ ‘ಬಾಣ’, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ 1498ಕ್ಕೆ ‘ದಧಿ’, ಚಂದ್ರನ ಮೇಲೆ ಮನುಷ್ಯ ಇಳಿದ 1969ಕ್ಕೆ ‘ಧೃತಿ’. ಮೈಸೂರಿನ ಆಡಳಿತ ಯದುವಂಶಕ್ಕೆ ಮರಳಿದ 1881ಕ್ಕೆ ‘ಯದು’ ಎಂಬ ಪದವೇ ಹೊಂದಿಕೊಳ್ಳುತ್ತದೆ. ರಷ್ಯಾದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನ ಹತ್ಯೆಯಾದದ್ದೂ ಆ ವರ್ಷದ ಮಾರ್ಚಿನಲ್ಲಿಯೇ. ಎರಡನೆಯ ಮಹಾಯುದ್ಧ ಮುಗಿದ 1945ಕ್ಕೆ ‘ಶುಭ’ ಎಂದೂ ಬರುತ್ತದೆ, ‘ಶವ’ ಎಂದೂ ಬರುತ್ತದೆ. ಯುರೋಪಿನಲ್ಲಿ ಯುದ್ಧ ನಿಂತ ಆ ವರ್ಷದ ಮೇ ತಿಂಗಳಿಗೂ ಜಪಾನಿನ ಮೇಲೆ ಅಣುಬಾಂಬು ಬಿದ್ದ ಆಗಸ್ಟಿಗೂ ಬೇರೆ ಬೇರೆ ಪದ ಬೇಕಿರುವುದರಿಂದ ಎರಡನ್ನೂ ಇಟ್ಟುಕೊಳ್ಳಬಹುದು.

ಮನೆಯಲ್ಲಿ ಸಂಗೀತ ಕಲಿಯುವವರಿದ್ದರೆ ಕೆಲಸ ಅರ್ಧ ಮುಗಿದಂತೆ. ಕರ್ನಾಟಕ ಸಂಗೀತದ ಮೂಲ ರಾಗಗಳಾದ ಮೇಳಕರ್ತ ರಾಗಗಳ ಹೆಸರಿನ ಮೊದಲ ಎರಡು ಅಕ್ಷರಗಳು ಕಟಪಯಾದಿಯ ಪ್ರಕಾರ ಆ ರಾಗದ ಸಂಖ್ಯೆಯನ್ನೇ ಹೇಳುತ್ತವೆ (ಚಕ್ರವಾಕದಂತಹ ಕೆಲವು ಹೆಸರುಗಳಲ್ಲಿ ಒತ್ತಕ್ಷರದ ನಿಯಮಕ್ಕೆ ಅಪವಾದವಿದೆ). ಸರಳೆ ವರಸೆಯ ಮಾಯಾಮಾಳವಗೌಳ 15ನೆಯದು. ಇಂಗ್ಲೆಂಡಿನ ಮ್ಯಾಗ್ನ ಕಾರ್ಟಾ 1215ರ ಜೂನಿನಲ್ಲಿ, ವಾಟರ್‌ಲೂ ಕದನ 1815ರ ಜೂನಿನಲ್ಲಿ. ಧೀರಶಂಕರಾಭರಣ 29, ನ್ಯೂಯಾರ್ಕಿನ ಷೇರುಪೇಟೆ ಕುಸಿದದ್ದು 1929. ಮೇಚಕಲ್ಯಾಣಿ 65, ಅದರಲ್ಲಿ ತಾಳಿಕೋಟೆಯ 1565ಕ್ಕೂ ಅಮೆರಿಕದ ಅಂತರ್ಯುದ್ಧ ಮುಗಿದ 1865ಕ್ಕೂ ಜಾಗವಿದೆ.

ಶತಮಾನವನ್ನು ಮಾತ್ರ ಬುದ್ಧಿಯಿಂದ ತಿಳಿಯಬೇಕು

ಪದ ಕೊಡುವುದು ಕೊನೆಯ ಎರಡು ಅಂಕಿಗಳನ್ನಷ್ಟೇ. ಗಾಮ ಬಂದದ್ದು 1498ರಲ್ಲೋ 1598ರಲ್ಲೋ ಎಂಬುದನ್ನು ಕಟಪಯಾದಿ ಹೇಳುವುದಿಲ್ಲ. ಕೃಷ್ಣದೇವರಾಯನ ಕಾಲಕ್ಕೆ ಪೋರ್ಚುಗೀಸರು ಗೋವೆಯಲ್ಲಿ ನೆಲೆಯೂರಿದ್ದರೆಂಬ ತಿಳಿವಳಿಕೆ ಹೇಳುತ್ತದೆ. ಈ ಕಾರಣಕ್ಕೇ ಹಾಳೆಯ ಕೆಲಸವನ್ನು ಮೊದಲು ಮಾಡಿ, ಪದಗಳನ್ನು ಆಮೇಲೆ ಹುಡುಕಬೇಕು. ಹದಿನೆಂಟನೆಯ ಶತಮಾನವೆಂದರೆ 1701ರಿಂದ 1800 ಎಂಬುದನ್ನು ಹಾಳೆಯ ಅಂಚಿನಲ್ಲಿಯೇ ಬರೆದಿಡಿ, ಬಹಳಷ್ಟು ಅಂಕಗಳು ಇಲ್ಲಿಯೇ ಕೈಬಿಡುತ್ತವೆ.

ಒಮ್ಮೆಗೆ ಐದಾರು ಇಸವಿಗಳಿಗಿಂತ ಹೆಚ್ಚು ತೆಗೆದುಕೊಳ್ಳಬೇಡಿ. ಬಲಬದಿಯನ್ನು ಮುಚ್ಚಿ ಎಡದಿಂದ, ಎಡಬದಿಯನ್ನು ಮುಚ್ಚಿ ಬಲದಿಂದ, ಎರಡೂ ರೀತಿಯಲ್ಲಿ ಹೇಳಿ ನೋಡಿ. ಮರುದಿನ ಒಮ್ಮೆ, ವಾರದ ಬಳಿಕ ಒಮ್ಮೆ, ತಿಂಗಳ ಬಳಿಕ ಒಮ್ಮೆ ಬರೆದು ನೋಡಿದರೆ ಸಾಕು. ಬರೆದದ್ದನ್ನು ಮತ್ತೆ ಮತ್ತೆ ಓದುವುದರಿಂದ ಗೊತ್ತಿದೆಯೆಂಬ ಭ್ರಮೆ ಬೆಳೆಯುತ್ತದೆಯೇ ಹೊರತು ನೆನಪು ಬೆಳೆಯುವುದಿಲ್ಲ.

ದಿನಾಂಕ ಮತ್ತು ತಿಂಗಳುಗಳನ್ನು ನಿಜವಾಗಿ ಬೇಕಾದ ಕಡೆ ಮಾತ್ರ ಸೇರಿಸಿ. ರಷ್ಯಾದ 1917ರ ಅಕ್ಟೋಬರ್ ಕ್ರಾಂತಿಗೆ ‘ಛಾಯೆ’ ಎಂಬ ಪದ ಹೊಂದುತ್ತದೆ. ಅಲ್ಲಿ ಆಗ ಹಳೆಯ ಜೂಲಿಯನ್ ಕ್ಯಾಲೆಂಡರ್ ಜಾರಿಯಲ್ಲಿದ್ದುದರಿಂದ ಅವರ ಅಕ್ಟೋಬರ್ 25 ನಮ್ಮ ನವೆಂಬರ್ 7 ಆಗುತ್ತದೆ. ಹಾಳೆಯಲ್ಲಿ ಎರಡನ್ನೂ ಬರೆದುಕೊಳ್ಳಿ. ಉತ್ತರಪತ್ರಿಕೆಯಲ್ಲಿ ಯಾವುದನ್ನು ಬರೆದರೂ ಯಾವ ಕ್ಯಾಲೆಂಡರಿನದೆಂದು ಜೊತೆಗೇ ನಮೂದಿಸಿ.