ಶುಕ್ರವಾರ ಕೋಟೆಲ್‌ಗೆ (ಯೆಹೂದ್ಯರ ಪವಿತ್ರ ಪಶ್ಚಿಮ ಗೋಡೆಗೆ) ಹೋಗೋರಿಗೆ

ಜೆರುಸಲೇಂನಲ್ಲಿ ಕೇರ್‌ಗಿವರ್ ಕೆಲಸದಲ್ಲಿರೋ ನಮ್ಮೂರವ್ರೇ, ಶುಕ್ರವಾರ ರಜೆ ಸಿಕ್ಕಿದ್ರೆ ಊರಿಗೆ ದುಡ್ಡು ಕಳ್ಸೋದು, ಮಹಾನೆ ಯೆಹೂದಾ ಮಾರ್ಕೆಟ್ಟಲ್ಲಿ ತರಕಾರಿ ತಗೊಳ್ಳೋದು ಎಲ್ಲಾ ಬೆಳಿಗ್ಗೇನೇ ಮುಗಿಸಿ, ಯಾಕಂದ್ರೆ ಶಬ್ಬಾತ್ (ಶುಕ್ರವಾರ ಸಂಜೆ ಬರೋ ಯೆಹೂದ್ಯರ ವಾರದ ವಿಶ್ರಾಂತಿ ದಿನ) ಶುರುವಾಗೋ ಮುಂಚೆನೇ ಅಂಗಡಿ, ಲೈಟ್ ರೈಲು ಎರಡೂ ನಿಂತೋಗ್ತವೆ. ತರಕಾರಿ ಚೀಲ ಮನೇಲಿಟ್ಟು ಬನ್ನಿ, ಹಳೇ ಪಟ್ಟಣದ ಬಾಗಿಲು ಯಾಫಾ ಗೇಟಿಂದ ಕೋಟೆಲ್ ತನಕ ಓಣೀಲಿ ತುಂಬಾ ಮೆಟ್ಟಿಲು, ಆಮೇಲೆ ಸೆಕ್ಯುರಿಟಿ ಚೆಕ್ ಬೇರೆ.

ಗಂಡಸ್ರು ತಲೆ ಮುಚ್ಕೊಳ್ಳಿ, ಹೆಂಗಸ್ರಿಗೆ ಬೇರೆ ಭಾಗ ಇದೆ, ಭುಜ ಮೊಣಕಾಲು ಮುಚ್ಚೋ ಬಟ್ಟೆ ಹಾಕಿ. ಗೋಡೆ ಸಂದಿಗೆ ಇಡೋ ಪ್ರಾರ್ಥನೆ ಚೀಟಿ ಮನೇಲೇ ಬರ್ಕೊಂಡು ಬನ್ನಿ, ಶಬ್ಬಾತ್ ಶುರುವಾದ್ಮೇಲೆ ಅಲ್ಲಿ ಬರೆಯೋಹಾಗಿಲ್ಲ, ಮೊಬೈಲಲ್ಲಿ ಫೋಟೋನೂ ಬೇಡ. ಸೂರ್ಯ ಮುಳುಗೋ ಹೊತ್ತಿಗೆ ಎಲ್ರೂ ಸೇರಿ ಹಾಡೋದು ಕೇಳಿದ್ರೆ ವಾರದ ಸುಸ್ತೆಲ್ಲಾ ಇಳ್ದೋಗತ್ತೆ, ಆದ್ರೆ ವಾಪಸ್ ಬರೋಕೆ ಟ್ಯಾಕ್ಸಿ ದುಡ್ಡು ಇಟ್ಕೊಂಡಿರಿ.